ಸಹವಾಸದಿಂದ ಕೆಡುವ ಪ್ರೋಟೀನು, ಅದಕ್ಕೊಂದು ಒಂಟಿ ಕೋಣೆ

ಪ್ರಶ್ನೆ: ಮೇಡಂ, ನಾವು ಮಳವಳ್ಳಿ ಕಡೆಯೋರು, ರೇಷ್ಮೆ ಬೆಳೆಗಾರರು. ಹೋದ ಬೇಸಿಗೇಲಿ ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದ ಮೇಲೆ ಅರ್ಧಕ್ಕರ್ಧ ಹುಳ ಹೋಯ್ತು. ಈಗ ಒಬ್ಬರು ಬಂದು 'ಹೀಟ್ ಶಾಕ್ ಪ್ರೋಟೀನ್ ಪುಡಿ' ಅಂತ ಮಾರ್ತಾವ್ರೆ. ಸೊಪ್ಪಿನ ಮೇಲೆ ಉದುರಿಸಿದ್ರೆ ಹುಳ ಬಿಸಿಲು ತಡ್ಕೊಳ್ತವಂತೆ, ಮನುಷ್ಯರೂ ಹಾಲಿಗೆ ಹಾಕ್ಕೊಂಡು ಕುಡೀಬಹುದಂತೆ. ಮೈಸೂರಲ್ಲಿ ಬಿ.ಎಸ್ಸಿ. ಓದೋ ಮಗಳನ್ನ ಕೇಳಿದೆ. ಚಾಪರೋನಿನ್ ಅಂತ ಒಂದಿದೆ, ಪ್ರೋಟೀನ್ ಮಡಚೋ ಯಂತ್ರ ಅದು ಅಂತ ಪುಸ್ತಕದ ಚಿತ್ರ ತೋರಿಸಿದಳು. ನನಗೆ ತಲೆಗೆ ಹತ್ತಲಿಲ್ಲ. ಅದೇ ವಾರ ನಮ್ಮಣ್ಣನ ಕಫದ ರಿಪೋರ್ಟಲ್ಲಿ 'ಎಚ್‌ಎಸ್‌ಪಿ65' ಅಂತ ಬರೆದಿತ್ತು. ಅದೂ ಇದೇ ಜಾತಿ ಅಂದಳು. ಹುಳದೊಳಗೆ ಇರೋದು, ರೋಗದ ಕ್ರಿಮೀಲಿ ಇರೋದು, ನಮ್ಮೊಳಗೆ ಇರೋದು ಎಲ್ಲಾ ಒಂದೇನಾ? ಪುಡಿ ತಗೊಳ್ಳಾ, ಬ್ಯಾಡ್ವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲ ಉತ್ತರ. ಪುಡಿ ಬೇಡ, ದುಡ್ಡು ಜೇಬಿನಲ್ಲೇ ಇರಲಿ. ಯಾಕೆ ಬೇಡ ಎನ್ನುವುದಕ್ಕೆ ಮಾತ್ರ ಸ್ವಲ್ಪ ಸುತ್ತು ಹಾಕಬೇಕು. ನಿಮ್ಮ ಮಗಳ ಪುಸ್ತಕದ ಆ ಚಿತ್ರದ ಮೂಲಕವೇ ಹೋಗೋಣ.

ಮೈಸೂರು ಪೇಟ ಸುತ್ತುವುದನ್ನು ನೋಡಿದ್ದೀರಲ್ಲ? ಈಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಬಿಡಿ. ಹಿಂದೆ ಮದುವೆ ಮನೆಯಲ್ಲಿ ಯಾರಾದರೂ ಹಿರಿಯರು ಮೊಣಕಾಲಿನ ಮೇಲೆ ಉದ್ದನೆಯ ಬಟ್ಟೆ ಸುತ್ತಿ ಸುತ್ತಿ ಪೇಟ ಮಾಡುತ್ತಿದ್ದರು. ಸುತ್ತುವವರೆಗೆ ಅದು ಬರೀ ಬಟ್ಟೆ, ಸುತ್ತಿದ ಮೇಲೆ ಪೇಟ. ಪ್ರೋಟೀನಿನ ಪಾಡೂ ಅಷ್ಟೆ. ಜೀವಕೋಶದಲ್ಲಿ ಅದು ಹುಟ್ಟುವುದು ಅಮೈನೋ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಸರವಾಗಿ. ಆ ಸರಕ್ಕೆ ಯಾವ ಕೆಲಸವೂ ಬರುವುದಿಲ್ಲ. ತನ್ನದೇ ಆದ ರೀತಿಯಲ್ಲಿ ಮಡಚಿಕೊಂಡು ಒಂದು ಗಟ್ಟಿ ಆಕಾರಕ್ಕೆ ಬಂದ ಮೇಲೆಯೇ ಅದು ಆಹಾರ ಜೀರ್ಣಿಸುವ ಕಿಣ್ವವೋ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೋ ಆಗುವುದು. ಪೇಟಕ್ಕೂ ಇದಕ್ಕೂ ಒಂದೇ ದೊಡ್ಡ ವ್ಯತ್ಯಾಸ: ಇಲ್ಲಿ ಸುತ್ತುವ ಹಿರಿಯರು ಯಾರೂ ಇಲ್ಲ. ಬಟ್ಟೆ ತನ್ನನ್ನು ತಾನೇ ಸುತ್ತಿಕೊಳ್ಳುತ್ತದೆ.

ಇದನ್ನು ತೋರಿಸಿಕೊಟ್ಟವರು ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್‌ಸೆನ್. ರೈಬೋನ್ಯೂಕ್ಲಿಯೇಸ್ ಎಂಬ 124 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಅವರು ಯೂರಿಯಾ ದ್ರಾವಣದಲ್ಲಿ ಹಾಕಿ ಪೂರ್ತಿ ಬಿಚ್ಚಿದರು. (ನೀವು ಗದ್ದೆಗೆ ಎರಚುವ ಅದೇ ಯೂರಿಯಾ.) ಆಮೇಲೆ ಯೂರಿಯಾ ತೆಗೆದರೆ ಪ್ರೋಟೀನು ತಾನಾಗಿ ಮೊದಲಿನ ಆಕಾರಕ್ಕೆ ಮರಳಿ ಕೆಲಸ ಶುರು ಮಾಡಿತು. ಹೇಗೆ ಮಡಚಿಕೊಳ್ಳಬೇಕು ಎಂಬ ಲೆಕ್ಕವೆಲ್ಲ ಆ ಸರದ ಅಕ್ಷರಗಳಲ್ಲೇ ಬರೆದಿರುತ್ತದೆ ಎಂದಾಯಿತು. 1972ರಲ್ಲಿ ಅವರಿಗೆ ನೊಬೆಲ್ ಬಂತು. 2024ರ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಇಬ್ಬರು ಮಾಡಿದ್ದೂ ಆ ಲೆಕ್ಕವನ್ನು ಕಂಪ್ಯೂಟರಿನಿಂದ ಓದಿಸುವ ಕೆಲಸವೇ.

ಹಾಗಾದರೆ ಮಡಚುವ ಯಂತ್ರ ಯಾಕೆ ಬೇಕು? ನಾನು ಎಂ.ಎಸ್ಸಿ. ಓದುವಾಗ ಇದೇ ಪ್ರಶ್ನೆ ಕೇಳಿ ಮೇಷ್ಟ್ರಿಂದ 'ಕೂತ್ಕೋಮ್ಮ' ಅನ್ನಿಸಿಕೊಂಡಿದ್ದೆ. ಆನ್‌ಫಿನ್‌ಸೆನ್ ಪ್ರೋಟೀನನ್ನು ಸುತ್ತಿಸಿದ್ದು ನೀರು ನೀರಾದ ದ್ರಾವಣದಲ್ಲಿ, ಅಕ್ಕಪಕ್ಕ ಯಾರೂ ಇಲ್ಲದ ಬಯಲಿನಲ್ಲಿ. ಜೀವಕೋಶದ ಒಳಗೆ ಹಾಗಿಲ್ಲ. ಬ್ಯಾಕ್ಟೀರಿಯಾದ ಒಳಗಿನ ರಸದಲ್ಲಿ ಪ್ರೋಟೀನು, ಆರ್‌ಎನ್‌ಎ ಮುಂತಾದ ದೊಡ್ಡ ಅಣುಗಳು ಲೀಟರಿಗೆ 300ರಿಂದ 400 ಗ್ರಾಂ ತುಂಬಿಕೊಂಡಿರುತ್ತವೆ. ಹಸುವಿನ ಹಾಲಿನಲ್ಲಿ ಲೀಟರಿಗೆ 30-35 ಗ್ರಾಂ ಪ್ರೋಟೀನ್ ಇರುತ್ತದೆ, ಹೋಲಿಸಿಕೊಳ್ಳಿ. ವಿಜಯದಶಮಿಯ ಮಧ್ಯಾಹ್ನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಪೇಟ ಸುತ್ತಿಕೊಳ್ಳಿ ಎಂದರೆ ಹೇಗಿರುತ್ತದೆ? ಅದರಲ್ಲೂ ಪಕ್ಕದವರೆಲ್ಲ ಅದೇ ಹೊತ್ತಿಗೆ ತಂತಮ್ಮ ಪೇಟ ಸುತ್ತುತ್ತಿದ್ದಾರೆ. ನನ್ನ ಸೆರಗು ನಿಮ್ಮದಕ್ಕೆ, ನಿಮ್ಮದು ಇನ್ನೊಬ್ಬರದಕ್ಕೆ ಸಿಕ್ಕಿಕೊಂಡು ಕೊನೆಗೆ ಬಿಡಿಸಲಾಗದ ಗಂಟು.

ಗಂಟು ಬೀಳುವುದಕ್ಕೆ ಕಾರಣವೂ ಇದೆ. ಅಮೈನೋ ಆಮ್ಲಗಳಲ್ಲಿ ಕೆಲವಕ್ಕೆ ಎಣ್ಣೆಯ ಗುಣ, ನೀರನ್ನು ಕಂಡರಾಗದು. ಸರಿಯಾಗಿ ಮಡಚಿದ ಪ್ರೋಟೀನಿನಲ್ಲಿ ಇವು ಒಳಗೆ ಅವಿತಿರುತ್ತವೆ. ಅರ್ಧ ಮಡಚಿದಾಗ ಹೊರಗೆ ಕಾಣಿಸಿಕೊಂಡಿರುತ್ತವೆ. ಆಗ ಪಕ್ಕದ ಅರ್ಧಂಬರ್ಧ ಪ್ರೋಟೀನಿನ ಎಣ್ಣೆ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತವೆ. ಒಂದಕ್ಕೆ ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು. ಮೊಟ್ಟೆ ಬೇಯಿಸಿದಾಗ ಬಿಳಿ ಭಾಗ ಗಟ್ಟಿಯಾಗುವುದು ಹೀಗೇ: ಬಿಸಿಗೆ ಪ್ರೋಟೀನು ಬಿಚ್ಚಿಕೊಂಡಿತು, ಬಿಚ್ಚಿದ್ದೆಲ್ಲ ಒಂದಕ್ಕೊಂದು ಅಂಟಿತು, ಮುಗಿಯಿತು. ತಣ್ಣಗಾದರೂ ಮೊಟ್ಟೆ ಮೊದಲಿನಂತಾಗುವುದಿಲ್ಲ. 'ಸಹವಾಸದಿಂದ ಸನ್ಯಾಸಿ ಕೆಟ್ಟ' ಎನ್ನುತ್ತಾರಲ್ಲ, ಪ್ರೋಟೀನಿನ ಮಟ್ಟಿಗೆ ಅದು ಅಕ್ಷರಶಃ ನಿಜ. ಅದಕ್ಕೆ ಬುದ್ಧಿಯ ಕೊರತೆ ಇಲ್ಲ, ಸಹವಾಸ ದೋಷ.

ಚಾಪರೋನಿನ್ ಮಾಡುವುದು ಆ ಸಹವಾಸ ತಪ್ಪಿಸುವ ಕೆಲಸ. ಹಾಗಾಗಿ 'ಮಡಚುವ ಯಂತ್ರ' ಎಂಬ ಮಾತೇ ನನಗೆ ಅಷ್ಟು ಹಿಡಿಸುವುದಿಲ್ಲ. ಹೆಸರಿನ ಮೂಲವನ್ನೇ ನೋಡಿ. ಯೂರೋಪಿನಲ್ಲಿ ಹಿಂದೆ ಮದುವೆಯಾಗದ ಹುಡುಗಿ ಹೊರಗೆ ಹೊರಟರೆ ಜೊತೆಗೊಬ್ಬ ಹಿರಿಯ ಹೆಂಗಸನ್ನು ಕಳಿಸುವ ಪದ್ಧತಿ ಇತ್ತು, ಆಕೆ ಚಾಪರೋನ್. ನಮ್ಮಲ್ಲಿ ಜಾತ್ರೆಗೆ ಹೊರಟ ಮೊಮ್ಮಗಳ ಹಿಂದೆ ಅಜ್ಜಿಯನ್ನು ಅಟ್ಟುತ್ತಿದ್ದರಲ್ಲ, ಹಾಗೆ. ಅಜ್ಜಿ ಮೊಮ್ಮಗಳಿಗೆ ಗಂಡು ಹುಡುಕಿಕೊಡುವುದಿಲ್ಲ, ಬೇಡದವರು ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಾಳೆ. ಈ ಹೆಸರನ್ನು 1978ರಲ್ಲಿ ಪ್ರೋಟೀನಿಗೆ ಮೊದಲು ಇಟ್ಟವರು ಬ್ರಿಟನ್ನಿನ ರಾನ್ ಲಾಸ್ಕಿ. ಎಲ್ಲ ಬಗೆಯ ಇಂಥ ಪ್ರೋಟೀನುಗಳಿಗೂ ಅದನ್ನು ವಿಸ್ತರಿಸಿದವರು ಜಾನ್ ಎಲ್ಲಿಸ್, 1987ರಲ್ಲಿ. ಆ ದೊಡ್ಡ ಕುಟುಂಬದಲ್ಲಿ ಉಂಗುರದ ಆಕಾರದ ಒಂದು ಶಾಖೆಗೆ 1988ರಲ್ಲಿ ಬಂದ ಹೆಸರು ಚಾಪರೋನಿನ್.

ಇನ್ನು 'ಹೀಟ್ ಶಾಕ್' ಎಂಬ ಹೆಸರು ಎಲ್ಲಿಂದ ಬಂತು? ಅದೊಂದು ಸ್ವಾರಸ್ಯದ ಕಥೆ. ಇಟಲಿಯ ಫೆರುಚ್ಚೊ ರಿಟೋಸ್ಸ ಹಣ್ಣಿನ ನೊಣಗಳ ಜೊಲ್ಲುಗ್ರಂಥಿಯ ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಂದು ದಿನ ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಏರಿಸಿಬಿಟ್ಟಿದ್ದರು. ಎಂದೂ ಉಬ್ಬದ ಜಾಗಗಳಲ್ಲಿ ಕ್ರೋಮೋಸೋಮು ಉಬ್ಬಿಕೊಂಡಿತ್ತು. ಬಿಸಿ ತಟ್ಟಿದೊಡನೆ ಕೆಲವು ಜೀನ್‌ಗಳು ಎದ್ದು ಕೆಲಸಕ್ಕೆ ತೊಡಗಿದ್ದವು. ಇದು 1962ರಲ್ಲಿ ಅಚ್ಚಾಯಿತು, ಅದೂ ಒಂದು ಪತ್ರಿಕೆ ಮಹತ್ವ ಸಾಲದೆಂದು ವಾಪಸು ಕಳಿಸಿದ ಮೇಲೆ. ಆ ಜೀನ್‌ಗಳಿಂದ ಹುಟ್ಟುವ ಪ್ರೋಟೀನುಗಳು ಕಣ್ಣಿಗೆ ಬೀಳಲು ಮತ್ತೆ ಹನ್ನೆರಡು ವರ್ಷ ಹಿಡಿಯಿತು. ಅವೇ ಹೀಟ್ ಶಾಕ್ ಪ್ರೋಟೀನುಗಳು, ಚಿಕ್ಕದಾಗಿ ಎಚ್‌ಎಸ್‌ಪಿ. ಅವನ್ನು ಅಣುತೂಕದ ಮೇಲೆ ಎಚ್‌ಎಸ್‌ಪಿ90, ಎಚ್‌ಎಸ್‌ಪಿ70, ಎಚ್‌ಎಸ್‌ಪಿ60 ಎಂದು ಕರೆಯುವುದು ರೂಢಿಯಾಯಿತು. ಚಾಪರೋನಿನ್ ಇದರಲ್ಲಿ 60ರ ಮನೆತನ. ನಿಮ್ಮಣ್ಣನವರ ಚೀಟಿಯ 65 ಕೂಡ ಅದೇ ಮನೆ, ತೂಕ ಹಾಕಿದವರ ತಕ್ಕಡಿ ಬೇರೆ.

ಹೆಸರು ಬಿಸಿಯದ್ದಾದರೂ ಇದು ಬೇಸಿಗೆಗೆ ಮಾತ್ರ ಬೇಕಾದ ಸಾಮಾನು ಎಂದುಕೊಳ್ಳಬೇಡಿ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದ ಚಾಪರೋನಿನ್ನಿಗೆ ಗ್ರೋ-ಇಎಲ್ ಎಂದು ಹೆಸರು. ಅದನ್ನು ತೆಗೆದುಹಾಕಿದರೆ ಬ್ಯಾಕ್ಟೀರಿಯಾ ತಂಪಿನಲ್ಲೂ ಬದುಕುವುದಿಲ್ಲ. ಇದು ಸಿಕ್ಕಿದ್ದೂ ಬಿಸಿಯ ದಾರಿಯಿಂದಲ್ಲ, ವೈರಸ್ಸಿನ ದಾರಿಯಿಂದ. 1970ರ ದಶಕದ ಆರಂಭದಲ್ಲಿ ಕೋಸ್ಟ ಜಾರ್ಜೊಪೌಲೋಸ್ ಮತ್ತಿತರರು ಬ್ಯಾಕ್ಟೀರಿಯಾಗಳನ್ನು ತಿನ್ನುವ ವೈರಸ್ಸು ಬೆಳೆಯಲಾಗದ ಕೆಲವು ಇ. ಕೋಲೈ ತಳಿಗಳನ್ನು ಕಂಡರು. ಅವುಗಳೊಳಗೆ ವೈರಸ್ಸಿನ ತಲೆಯ ಚಿಪ್ಪು ಜೋಡಣೆಯಾಗದೆ ಮುದ್ದೆಯಾಗಿ ಬಿದ್ದಿರುತ್ತಿತ್ತು. ಕೆಟ್ಟಿದ್ದದ್ದು ಬ್ಯಾಕ್ಟೀರಿಯಾದ ಒಂದು ಜೀನ್. ಅಂದರೆ ವೈರಸ್ಸೂ ತನ್ನ ಪ್ರೋಟೀನು ಮಡಚಿಸಲು ಮನೆಯೊಡೆಯನ ಕೋಣೆಯನ್ನೇ ಬಳಸುತ್ತಿತ್ತು. ಟಿ4 ಎಂಬ ವೈರಸ್ಸಂತೂ ಇನ್ನೂ ಚಾಲಾಕಿ. ಅದರ ಚಿಪ್ಪಿನ ಪ್ರೋಟೀನು ಕೋಣೆಗೆ ದೊಡ್ಡದಾಯಿತು. ಅದಕ್ಕೆ ತನ್ನದೇ ಮುಚ್ಚಳ ತಂದು, ಇದ್ದ ಮುಚ್ಚಳದ ಬದಲು ಹಾಕಿ, ಒಳಗೆ ಜಾಗ ಹೆಚ್ಚಿಸಿಕೊಳ್ಳುತ್ತದೆ!

ಕೋಣೆ, ಮುಚ್ಚಳ ಎಂದೆನಲ್ಲ, ಅದು ಬರೀ ಉಪಮೆಯ ಮಾತಲ್ಲ. ಏಳು ಪ್ರೋಟೀನುಗಳು ವೃತ್ತಾಕಾರವಾಗಿ ನಿಂತು ಒಂದು ಉಂಗುರ. ಅಂಥ ಎರಡು ಉಂಗುರ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಗ್ರೋ-ಇಎಲ್: ಒಟ್ಟು 14 ತುಂಡು, ಎರಡೂ ಕಡೆ ಬಾಯಿ ಇರುವ ಡಬ್ಬಿ. ಎತ್ತರ ಸುಮಾರು 15 ನ್ಯಾನೋಮೀಟರ್. ಗ್ರೋ-ಇಎಸ್ ಎಂಬ ಇನ್ನೂ ಏಳು ಸಣ್ಣ ಪ್ರೋಟೀನುಗಳ ಗುಂಪು ಇದಕ್ಕೆ ಮುಚ್ಚಳ. ಯೇಲ್ ವಿಶ್ವವಿದ್ಯಾಲಯದ ಆರ್ಥರ್ ಹಾರ್ವಿಚ್ ಮತ್ತು ಪಾಲ್ ಸಿಗ್ಲರ್ ಅವರ ತಂಡಗಳು 1994ರಲ್ಲಿ ಡಬ್ಬಿಯ ರಚನೆಯನ್ನೂ, 1997ರಲ್ಲಿ ಮುಚ್ಚಳ ಹಾಕಿದ ಡಬ್ಬಿಯನ್ನೂ ಎಕ್ಸ್-ರೇ ಬೆಳಕಿನಲ್ಲಿ ಬಿಡಿಸಿ ತೋರಿಸಿದವು. ಮಗಳ ಪುಸ್ತಕದ ಚಿತ್ರ ಬಹುಶಃ ಅಲ್ಲಿಂದಲೇ ಬಂದಿರುತ್ತದೆ.

ಕೆಲಸ ನಡೆಯುವ ರೀತಿ ಹೀಗೆ. ಡಬ್ಬಿಯ ಬಾಯಂಚಿಗೆ ಎಣ್ಣೆ ಗುಣದ ಅಮೈನೋ ಆಮ್ಲಗಳ ಲೇಪ. ಅರ್ಧ ಮಡಚಿ ಅಲೆಯುತ್ತಿರುವ ಪ್ರೋಟೀನು ತನ್ನ ಎಣ್ಣೆ ಜಾಗ ತೋರಿಸಿಕೊಂಡು ಬಂದು ಅಲ್ಲಿ ಅಂಟಿಕೊಳ್ಳುತ್ತದೆ. ಸರಿಯಾಗಿ ಮಡಚಿದ ಪ್ರೋಟೀನಿಗೆ ಹೊರಗೆ ಎಣ್ಣೆ ಜಾಗವೇ ಇಲ್ಲದ್ದರಿಂದ ಅದು ತನ್ನ ಪಾಡಿಗೆ ಹೋಗುತ್ತದೆ. ಯಾರಿಗೆ ಸಹಾಯ ಬೇಕು, ಯಾರಿಗೆ ಬೇಡ ಎಂದು ಚಾಪರೋನಿನ್ ಗುರುತಿಸುವುದು ಇಷ್ಟರಿಂದಲೇ. ಆಮೇಲೆ ಜೀವಕೋಶದ ಇಂಧನವಾದ ಎಟಿಪಿ ಆ ಉಂಗುರಕ್ಕೆ ಏಳು ಬಂದು ಸೇರುತ್ತವೆ, ಮುಚ್ಚಳ ಬೀಳುತ್ತದೆ. ಬೀಳುತ್ತಿದ್ದಂತೆ ಡಬ್ಬಿಯ ಗೋಡೆಗಳು ಎದ್ದು ತಿರುಗಿ ಒಳಗಿನ ಜಾಗ ಎರಡು ಪಟ್ಟಾಗುತ್ತದೆ. ಎಣ್ಣೆಯ ಮುಖ ಮರೆಯಾಗಿ ನೀರನ್ನು ಇಷ್ಟಪಡುವ ಮುಖ ಒಳಗೋಡೆಗೆ ಬರುತ್ತದೆ. ಅಂಟಿಕೊಳ್ಳಲು ಏನೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಬಾಗಿಲು ಹಾಕಿದೆ. ಆ ಏಕಾಂತದಲ್ಲಿ ಪ್ರೋಟೀನಿಗೆ ಸಿಗುವುದು ಹೆಚ್ಚುಕಮ್ಮಿ 10 ಸೆಕೆಂಡು. ಆಮೇಲೆ ಮುಚ್ಚಳ ತೆರೆದು ಅದು ಹೊರಗೆ. ಪೇಟ ಸರಿಯಾಗಿ ಕೂತಿದ್ದರೆ ಹೊರಟಿತು, ಇಲ್ಲದಿದ್ದರೆ ಮತ್ತೆ ಒಳಗೆ, ಮತ್ತೊಂದು 10 ಸೆಕೆಂಡು. ಇ. ಕೋಲೈಯಲ್ಲಿ ಸುಮಾರು 250 ಬಗೆಯ ಪ್ರೋಟೀನುಗಳು ಈ ಕೋಣೆಗೆ ಬಂದು ಹೋಗುತ್ತವೆ. ಅದರಲ್ಲಿ 85ರಷ್ಟಕ್ಕೆ ಇದಿಲ್ಲದೆ ಗತಿಯೇ ಇಲ್ಲ.

ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಕೋಣೆ ಬರೀ ಏಕಾಂತ ಕೊಡುತ್ತದೋ, ಅಥವಾ ತಪ್ಪಾಗಿ ಸುತ್ತಿಕೊಂಡದ್ದನ್ನು ಎಳೆದು ಬಿಚ್ಚಿ 'ಇನ್ನೊಂದು ಸಲ ಪ್ರಯತ್ನಿಸು' ಎನ್ನುತ್ತದೋ ಎಂಬ ಬಗ್ಗೆ ಈ ಕ್ಷೇತ್ರದ ದಿಗ್ಗಜರಲ್ಲೇ ಮೂವತ್ತು ವರ್ಷದ ಜಗಳವಿದೆ. ನನಗೆ ಮೊದಲನೆಯದರ ಕಡೆ ಒಲವು. ಎರಡನೆಯದನ್ನು ಹೇಳುವವರ ಪ್ರಯೋಗಗಳೂ ಸುಳ್ಳಲ್ಲ. ಬಿಚ್ಚಿಸಿದರೂ ಸರಿ, ಹೇಗೆ ಸುತ್ತಬೇಕೆಂದು ಅದು ಹೇಳಿಕೊಡುವುದಿಲ್ಲ ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಪಾಠ ಮಾಡುತ್ತಿದ್ದ ಕಾಲದಲ್ಲಿ ನನಗೆ ಇದು ಪುಸ್ತಕದಿಂದ ಅರ್ಥವಾಗಿರಲಿಲ್ಲ. ಇ. ಕೋಲೈಯಿಂದ ಒಂದು ಕಿಣ್ವ ಮಾಡಿಸಲು ಹೋಗಿ ಆರು ತಿಂಗಳು ಒದ್ದಾಡಿದೆವು. ಬ್ಯಾಕ್ಟೀರಿಯಾ ರಾಶಿಗಟ್ಟಲೆ ಪ್ರೋಟೀನು ಮಾಡಿಕೊಡುತ್ತಿತ್ತು, ಎಲ್ಲಾ ಮುದ್ದೆ. ಕೋಶ ಒಡೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಅಷ್ಟೂ ತಳದಲ್ಲಿ ಸುಣ್ಣದಂತೆ ಕೂರುತ್ತಿತ್ತು. ಕೊನೆಗೆ ಬೆಳೆಸುವ ಉಷ್ಣತೆಯನ್ನು 37 ಡಿಗ್ರಿಯಿಂದ 18ಕ್ಕೆ ಇಳಿಸಿದೆವು, ಗ್ರೋ-ಇಎಲ್ ಜೀನನ್ನೂ ಹೆಚ್ಚುವರಿಯಾಗಿ ಸೇರಿಸಿದೆವು. ಕಿಣ್ವ ತಿಳಿನೀರಿನಲ್ಲಿ ಬಂತು! ಹುಡುಗರು ಗಾಂಧಿ ಚೌಕದಿಂದ ಸಿಹಿ ತಂದರು. ಅದೇ ಉಪಾಯವನ್ನು ಮುಂದಿನ ಎರಡು ಕಿಣ್ವಗಳಿಗೆ ಮಾಡಿದೆವು, ಎರಡೂ ಮುದ್ದೆಯೇ. ಕೋಣೆಗೆ ಹಿಡಿಸುವುದು ಸುಮಾರು 60 ಕಿಲೋಡಾಲ್ಟನ್ ತೂಕದವರೆಗಿನ ಪ್ರೋಟೀನು ಮಾತ್ರ. ನಮ್ಮವು ಅದಕ್ಕಿಂತ ದಪ್ಪ ಇದ್ದವು. ಚಾಪರೋನಿನ್ ಹೆಚ್ಚಿಸಿದರೆ ಎಲ್ಲಾ ಸರಿಹೋಗುತ್ತದೆ ಎನ್ನುವವರನ್ನು ಕಂಡರೆ ನನಗೆ ಆ ಎರಡು ಕಿಣ್ವಗಳ ನೆನಪಾಗುತ್ತದೆ.

ಈಗ 'ಎಲ್ಲಾ ಒಂದೇನಾ' ಎಂದಿರಲ್ಲ, ಅದಕ್ಕೆ ಬರೋಣ. ಒಂದೇ ಮನೆತನದ ಎರಡು ಕವಲು ಎನ್ನಬಹುದು. ನಮ್ಮ, ನಿಮ್ಮ ಹುಳುವಿನ, ಹಿಪ್ಪುನೇರಳೆ ಗಿಡದ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎಂಬ ಶಕ್ತಿ ಘಟಕಗಳಿವೆ. ಬಹಳ ಹಿಂದೆ ಅವು ಬ್ಯಾಕ್ಟೀರಿಯಾಗಳೇ ಆಗಿದ್ದವು, ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆನಿಂತವು. ಬರುವಾಗ ತಮ್ಮ ಡಬ್ಬಿಯನ್ನೂ ತಂದವು. ಅದೇ ನಮ್ಮ ಎಚ್‌ಎಸ್‌ಪಿ60. ಅದಿಲ್ಲದಿದ್ದರೆ ಮೈಟೋಕಾಂಡ್ರಿಯಾದ ಒಳಗೆ ಪ್ರೋಟೀನು ಮಡಚುವುದಿಲ್ಲ ಎಂದು 1989ರಲ್ಲಿ ಯೀಸ್ಟಿನಲ್ಲಿ ತೋರಿಸಿದವರು ಹಾರ್ವಿಚ್ ಮತ್ತು ಉಲ್ರಿಚ್ ಹಾರ್ಟ್ಲ್. ಇವರಿಬ್ಬರಿಗೂ 2011ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಎಲೆಯ ಹಸಿರು ಕಣಗಳಲ್ಲೂ ಇದೇ ಡಬ್ಬಿ. ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ರುಬಿಸ್ಕೋ ಕಿಣ್ವ ಈ ಕೋಣೆಯಲ್ಲಿ ಮಡಚಿಕೊಂಡೇ ಹೊರಬರಬೇಕು. ಮಂಡ್ಯದ ಕಬ್ಬು, ಭತ್ತ, ನಿಮ್ಮ ಸೊಪ್ಪು, ಎಲ್ಲದರ ಅನ್ನವೂ ಅಲ್ಲಿಂದ.

ಇನ್ನೊಂದು ಕವಲು ಟ್ರಿಕ್ ಎಂಬುದು. ಅದು ಕೋಶದ ಮುಖ್ಯ ಅಂಗಳದಲ್ಲಿರುತ್ತದೆ. ಎಂಟೆಂಟರ ಎರಡು ಉಂಗುರ, ಎಂಟೂ ಬೇರೆ ಬೇರೆ ಪ್ರೋಟೀನು, ಪ್ರತ್ಯೇಕ ಮುಚ್ಚಳ ಇಲ್ಲ, ಮೊಗ್ಗಿನ ದಳಗಳಂತೆ ತಾನೇ ಮುಚ್ಚಿಕೊಳ್ಳುತ್ತದೆ. ಸ್ನಾಯು ಎಳೆಯುವ ಆಕ್ಟಿನ್, ಕೋಶ ಇಬ್ಭಾಗವಾಗುವಾಗ ಕ್ರೋಮೋಸೋಮುಗಳನ್ನು ಎಳೆಯುವ ಹಗ್ಗವಾದ ಟ್ಯೂಬುಲಿನ್, ಎರಡೂ ಇದರ ಕೈಕೂಸುಗಳು.

ಈ ಕೋಣೆಗಳು ಕೆಟ್ಟರೆ ಕಾಯಿಲೆ. ಎಚ್‌ಎಸ್‌ಪಿ60ರ ಜೀನಿನಲ್ಲಿ ಒಂದೇ ಅಕ್ಷರ ತಪ್ಪಿದರೂ ಕಾಲುಗಳು ಬಿಗಿದುಕೊಂಡು ನಡಿಗೆ ಕೆಡುವ ವಂಶಪಾರಂಪರ್ಯ ಕಾಯಿಲೆಯೊಂದು ಬರುತ್ತದೆ. ಅಪರೂಪದ್ದು. ನಮ್ಮ ಕಡೆಗೆ ಹೆಚ್ಚು ಸಲ್ಲುವ ಮಾತು ಬಾರ್ಡೆಟ್-ಬೀಡಲ್ ಸಿಂಡ್ರೋಮಿನದು. ಮಕ್ಕಳಿಗೆ ಕೈಕಾಲಿನಲ್ಲಿ ಹೆಚ್ಚುವರಿ ಬೆರಳು, ಚಿಕ್ಕಂದಿನಿಂದಲೇ ಮೈ ಬರುವುದು, ಇರುಳುಗುರುಡಿನಿಂದ ಶುರುವಾಗಿ ದೃಷ್ಟಿ ಹೋಗುವುದು, ಮೂತ್ರಪಿಂಡದ ತೊಂದರೆ. ಇದಕ್ಕೆ ಕಾರಣವಾಗುವ ಇಪ್ಪತ್ತಕ್ಕೂ ಹೆಚ್ಚು ಜೀನ್‌ಗಳಲ್ಲಿ ಮೂರು ಚಾಪರೋನಿನ್ನಿನ ಹತ್ತಿರದ ನೆಂಟರು. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ ಇದು, ಹಾಗಾಗಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತಂದ ಮನೆಗಳಲ್ಲಿ ಸಾಧ್ಯತೆ ಹೆಚ್ಚು. ಆರನೇ ಬೆರಳನ್ನು ಅದೃಷ್ಟ ಎನ್ನುವವರಿದ್ದಾರೆ. ಬಹುತೇಕ ಸಲ ಅದು ನಿರುಪದ್ರವಿಯೇ. ಆದರೆ ಬೆರಳಿನ ಜೊತೆಗೆ ಸಂಜೆಯಾದರೆ ಕಣ್ಣು ಕಾಣದಿರುವುದೂ ಮೈ ಬರುವುದೂ ಇದ್ದರೆ ಮಗುವನ್ನು ವೈದ್ಯರಿಗೆ ತೋರಿಸಬೇಕು.

ಅಣ್ಣನವರ ಚೀಟಿಯ ವಿಷಯ. ಕ್ಷಯದ ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ65 ಹಳೆಯ ಪರಿಚಿತ. ಸೋಂಕು ತಗಲಿದವರ ರೋಗನಿರೋಧಕ ವ್ಯವಸ್ಥೆ ಆ ಬ್ಯಾಕ್ಟೀರಿಯಾದ ಯಾವ ಪ್ರೋಟೀನಿನ ಮೇಲೆ ಹೆಚ್ಚು ಹರಿಹಾಯುತ್ತದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕ ಪ್ರಮುಖರಲ್ಲಿ ಇದೂ ಒಂದು. ಆಮೇಲೆ ನೋಡಿದರೆ ಅದು ಚಾಪರೋನಿನ್. ಇ. ಕೋಲೈಗೆ ಒಂದೇ ಚಾಪರೋನಿನ್ ಸಾಕು, ಕ್ಷಯದ ಬ್ಯಾಕ್ಟೀರಿಯಾ ಎರಡು ಇಟ್ಟುಕೊಂಡಿದೆ. ಅವುಗಳಲ್ಲೊಂದಿಲ್ಲದೆ ಅದು ಬದುಕುವುದಿಲ್ಲ. ಇನ್ನೊಂದನ್ನು ತೆಗೆದರೆ ಬದುಕುತ್ತದೆ, ಆದರೆ ಪ್ರಯೋಗದ ಪ್ರಾಣಿಗಳ ಶ್ವಾಸಕೋಶದಲ್ಲಿ ಕ್ಷಯದ ಗುರುತಾದ ಗಂಟುಗಳನ್ನು ಕಟ್ಟಲಾರದು. ಎಚ್‌ಎಸ್‌ಪಿ65ರ ರಚನೆ ಬಿಡಿಸಿದವರಲ್ಲಿ ಶೇಖರ್ ಮಾಂಡೆ ಒಬ್ಬರು, ಆಗ ಹೈದರಾಬಾದಿನಲ್ಲಿದ್ದರು. ಆಮೇಲೆ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಮಹಾನಿರ್ದೇಶಕರಾದರು. ಪ್ರಯೋಗಾಲಯದಲ್ಲಿ ಈ ಪ್ರೋಟೀನು ಹದಿನಾಲ್ಕರ ಡಬ್ಬಿ ಕಟ್ಟದೆ ಎರಡೆರಡೇ ಜೋಡಿಯಾಗಿ ನಿಂತದ್ದನ್ನು ಅವರ ತಂಡ ತೋರಿಸಿತು.

ಆದರೆ ರಿಪೋರ್ಟಿನಲ್ಲಿ ಅದು ಬಂದಿರುವುದಕ್ಕೆ ಕಾರಣ ತೀರಾ ವ್ಯಾವಹಾರಿಕ. ಕ್ಷಯದ ಕುಲದಲ್ಲಿ ಬ್ಯಾಕ್ಟೀರಿಯಾಗಳು ನೂರಾರು. ಕ್ಷಯ ತರದೆ ಬೇರೆ ಬಗೆಯ ಕೆಮ್ಮು ತರುವವೂ ಇವೆ. ಎಲ್ಲದರಲ್ಲೂ ಎಚ್‌ಎಸ್‌ಪಿ65 ಜೀನ್ ಇರುತ್ತದೆ, ಆದರೆ ಜಾತಿಯಿಂದ ಜಾತಿಗೆ ಅಲ್ಲಲ್ಲಿ ಅಕ್ಷರ ಬೇರೆ. ಅದನ್ನು ಓದಿದರೆ ಇದು ಯಾವ ಜಾತಿ ಎಂದು ತಿಳಿಯುತ್ತದೆ. ಆಧಾರ್ ನಂಬರ್ ನೋಡಿದ ಹಾಗೆ. ಹಾಗಾಗಿ ಅದು ರೋಗದ ಹೆಸರೂ ಅಲ್ಲ, ಅಪಾಯದ ಅಳತೆಯೂ ಅಲ್ಲ. ಅದರ ಕೆಳಗೆ ಯಾವ ಜಾತಿಯ ಹೆಸರು ಬರೆದಿದೆಯೋ ಅದು ಮುಖ್ಯ, ಏಕೆಂದರೆ ಔಷಧ ಅದರ ಮೇಲೆ ಬದಲಾಗುತ್ತದೆ. ಚೀಟಿಯನ್ನು ಎದೆರೋಗದ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ತಿಂಗಳೂ ಮಾತ್ರೆ ಬಿಡದೆ ನುಂಗಲಿ.

ನಮ್ಮ ಎಚ್‌ಎಸ್‌ಪಿ60ಕ್ಕೂ ಕ್ಷಯದ ಎಚ್‌ಎಸ್‌ಪಿ65ಕ್ಕೂ ಸುಮಾರು ಅರ್ಧದಷ್ಟು ಅಕ್ಷರ ಒಂದೇ. ಕಳ್ಳನೂ ಮನೆಯವನೂ ಒಂದೇ ಮುಖದವರಾದರೆ ಕಾವಲುಗಾರ ಗೊಂದಲಕ್ಕೆ ಬೀಳಬಹುದಲ್ಲವೇ? ಸಂಧಿವಾತ, ರಕ್ತನಾಳ ಪೆಡಸಾಗುವುದು, ಚಿಕ್ಕ ವಯಸ್ಸಿನ ಮಧುಮೇಹ, ಇವುಗಳಲ್ಲಿ ಇಂಥ ಗೊಂದಲದ ಪಾತ್ರವನ್ನು ಹುಡುಕಿದವರು ಬಹಳ. ಎಚ್‌ಎಸ್‌ಪಿ60ರ ಒಂದು ತುಣುಕನ್ನೇ ಮಧುಮೇಹಕ್ಕೆ ಚುಚ್ಚುಮದ್ದಾಗಿ ರೋಗಿಗಳ ಮೇಲೆ ಪರೀಕ್ಷಿಸಿದ್ದರು. 2014ರಲ್ಲಿ, ಅಂಕಿಅಂಶ ತಿರುಚಿದ ಆರೋಪದ ನಡುವೆ, ಅದನ್ನು ನಿಲ್ಲಿಸಲಾಯಿತು. ದೊಡ್ಡ ಪ್ರಯೋಗಗಳ ಹಣೆಬರಹವೇ ಹೀಗಾದಾಗ ಬೈಕಿನ ಮೇಲೆ ಬಂದ ಪುಡಿಯ ಮಾತೇನು ಹೇಳೋಣ.

ಆ ಪುಡಿಗೇ ಬಂದೆ. ಅದರಲ್ಲಿ ನಿಜವಾಗಿ ಎಚ್‌ಎಸ್‌ಪಿ ಇದೆ ಎಂದೇ ಇಟ್ಟುಕೊಳ್ಳೋಣ. ಹುಳುವಿನ ಹೊಟ್ಟೆಗೆ ಹೋದ ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ನೀವು ತಿಂದ ಹುರುಳಿಕಾಳೂ ಹಾಗೆಯೇ. ಹದಿನಾಲ್ಕು ತುಂಡಿನ ಡಬ್ಬಿ ಡಬ್ಬಿಯಾಗಿಯೇ ಕೋಶದೊಳಗೆ ಹೋಗಿ ಕೂರುವ ದಾರಿ ಇಲ್ಲ. 'ಅದು ದೇಹದಲ್ಲೇ ಎಚ್‌ಎಸ್‌ಪಿ ಹೆಚ್ಚಿಸುತ್ತದೆ' ಎಂದರೆ ಇನ್ನೂ ಎಚ್ಚರ ಬೇಕು. ಕೋಶ ಎಚ್‌ಎಸ್‌ಪಿ ಹೆಚ್ಚಿಸುವುದು ಒಳಗೆ ಪ್ರೋಟೀನು ಬಿಚ್ಚಿಕೊಳ್ಳುತ್ತಿದೆ ಎಂಬ ಸುದ್ದಿ ಸಿಕ್ಕಾಗ. ಆಂಬುಲೆನ್ಸು ಹೆಚ್ಚು ಓಡಾಡುವ ಊರು ಆರೋಗ್ಯವಂತ ಊರೇನಲ್ಲ. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಈ ಪ್ರೋಟೀನುಗಳು ತುಂಬಿ ತುಳುಕುತ್ತವೆ.

ಹಾಗೆಂದು ಬಿಸಿಲು ತಡೆಯುವ ಶಕ್ತಿ ಸುಳ್ಳಲ್ಲ, ಅದು ಬರುವ ದಾರಿ ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಸಸಿಗಳನ್ನು ಮೊದಲು ಹದವಾದ ಬಿಸಿಗೆ, ಆಮೇಲೆ ಸಾಯಿಸುವಷ್ಟು ಬಿಸಿಗೆ ಒಡ್ಡಿ, ಬದುಕುಳಿದವನ್ನು ಆರಿಸುವ ವಿಧಾನ ರೂಪಿಸಿದ್ದಾರೆ. ಮೊದಲ ಬಿಸಿಯಲ್ಲಿ ಸಸಿ ತನ್ನ ಎಚ್‌ಎಸ್‌ಪಿಗಳನ್ನೆಲ್ಲ ಸಿದ್ಧ ಮಾಡಿಕೊಳ್ಳುತ್ತದೆ. ರೇಷ್ಮೆ ಹುಳುವಿನಲ್ಲಿ ಇದು ತಳಿಯ ಗುಣ. ನಮ್ಮ ಹಳೆಯ ಮೈಸೂರು ತಳಿ ಸೆಖೆ ತಡೆಯುತ್ತದೆ, ಗೂಡು ಸಣ್ಣದು. ದ್ವಿತಳಿಯ ಗೂಡು ದಪ್ಪ, ಮೈ ನಾಜೂಕು. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಗೆ ಒಮ್ಮೆ ಹೋಗಿ, ಬೇಸಿಗೆಗೆ ಯಾವ ಮಿಶ್ರ ತಳಿ ಹಾಕಬಹುದು ಎಂದು ಕೇಳಿ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಬೇಕಾದದ್ದು 24-25 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯೊಳಗೆ ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು. ಸೂರಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿ, ಸೊಪ್ಪು ಬೆಳಗಿನ ಜಾವ ಮತ್ತು ರಾತ್ರಿ. ಗೋಣಿ ಒದ್ದೆ ಇರಲಿ, ಗಾಳಿಯೂ ಓಡಾಡಲಿ. ಮುಚ್ಚಿದ ಮನೆಯಲ್ಲಿ ತೇವ ಕೂತರೆ ಅದೇ ಇನ್ನೊಂದು ಕಾಟ. ಹೋದ ಸಲ ಹುಳು ಹೋದದ್ದು ಬರೀ ಸೆಖೆಯಿಂದಲೋ, ಸೆಖೆಯ ಹಿಂದೆ ಬಂದ ಸಪ್ಪೆ ರೋಗ, ಹಾಲುತೊಂಡೆ ರೋಗದಿಂದಲೋ ಎಂದು ತಿಳಿಯಬೇಕಾದರೆ ಸಾಯುತ್ತಿರುವ ಹುಳುಗಳನ್ನು ಅಂದೇ ತಾಂತ್ರಿಕ ಸೇವಾ ಕೇಂದ್ರಕ್ಕೆ ಒಯ್ದು ತೋರಿಸಬೇಕಿತ್ತು. ಈ ಸಲ ಹಾಗೇನಾದರೂ ಆದರೆ ಮರೆಯಬೇಡಿ.

ನಿಮ್ಮ ಪಕ್ಕದ ಹೊಲದಲ್ಲಿ ಟೊಮೆಟೊ ಇದ್ದರೆ ಮಗಳಿಗೆ ಇನ್ನೊಂದು ವಿಷಯ ಹೇಳಿ. ಎಲೆ ಮುದುರು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. ನೊಣದ ರಕ್ತ ದಾಟುವಾಗ ಆ ವೈರಸ್ಸು ನಾಶವಾಗಬೇಕಿತ್ತು. ಆಗುವುದಿಲ್ಲ, ಯಾಕೆಂದರೆ ನೊಣದೊಳಗೆ ವಾಸವಾಗಿರುವ ಬ್ಯಾಕ್ಟೀರಿಯಾದ ಗ್ರೋ-ಇಎಲ್ ಬಂದು ಅದಕ್ಕೆ ಅಂಟಿಕೊಂಡು ಕಾಪಾಡುತ್ತದೆ. 1999ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಟೊಮೆಟೊದ ಇಂಥದೇ ಒಂದು ವೈರಸ್ಸಿನಲ್ಲಿ ಇದನ್ನು ಕಂಡರು. ಗ್ರೋ-ಇಎಲ್‌ಗೆ ಅಂಟಿ ಅದನ್ನು ಕಟ್ಟಿಹಾಕುವ ಪ್ರತಿಕಾಯವನ್ನು ಕುಡಿಸಿದ ನೊಣಗಳು ರೋಗ ಹರಡುವುದು ಬಹಳ ಕಡಿಮೆಯಾಯಿತು.

ಇನ್ನೂ ವಿಚಿತ್ರದ್ದು ನಿಮ್ಮ ಹುಳುಮನೆಯ ಸೂರಿನಡಿಯೇ ಇರಬಹುದು. ಮಳೆ ಬೀಳದ ಒಣ ಮಣ್ಣಿನಲ್ಲಿ ಆಲಿಕೆಯಾಕಾರದ ಪುಟ್ಟ ಕುಣಿ ತೋಡಿ, ತಳದಲ್ಲಿ ಅವಿತು, ಜಾರಿ ಬಿದ್ದ ಇರುವೆ ಹಿಡಿಯುವ ಹುಳು ಇದೆಯಲ್ಲ, ಚಿಕ್ಕಂದಿನಲ್ಲಿ ಕಡ್ಡಿ ಹಾಕಿ ಎಬ್ಬಿಸಿರುತ್ತೀರಿ. ಆ ಜಾತಿಯೊಂದರ ಜೊಲ್ಲಿನಲ್ಲಿ ಬೇಟೆಯನ್ನು ಮರಗಟ್ಟಿಸುವ ವಿಷವನ್ನು ಜಪಾನಿನವರು 2001ರಲ್ಲಿ ಶೋಧಿಸಿದಾಗ ಸಿಕ್ಕದ್ದು ಅದರ ಬಾಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಗ್ರೋ-ಇಎಲ್. ಜಿರಲೆಗೆ ಚುಚ್ಚಿದರೆ ಜಿರಲೆ ಅಲ್ಲೇ ಮಲಗಿತು. ಇ. ಕೋಲೈಯ ಗ್ರೋ-ಇಎಲ್ ಚುಚ್ಚಿದರೆ ಏನೂ ಆಗಲಿಲ್ಲ. ಅದರ ಒಂದೆರಡು ಅಮೈನೋ ಆಮ್ಲ ಬದಲಿಸಿ ಚುಚ್ಚಿದರು, ಆಗ ಅದೂ ವಿಷವಾಯಿತು. ಮಗಳು ರಜಕ್ಕೆ ಬಂದಾಗ ಕುಣಿಯೊಂದನ್ನು ತೋರಿಸಿ.